ಬಾಳೆಕಂದು ಕಂಡು ಕೂಗಿದ ಕಾರು

ಈ ಸಲದ ಆಯುಧಪೂಜೆಯ ದಿನ ನಮ್ಮ ಕಾರು ಬಾಳೆಕಂದು ಕಂಡು ಹೆದರಿತು.

ಬೆಳಿಗ್ಗೆಯೇ ತೊಳೆದು, ಒರೆಸಿ, ಅರಿಸಿನ ಕುಂಕುಮ ಹಚ್ಚಿ, ಎರಡೂ ಬದಿಗೆ ಬಾಳೆಕಂದು ಕಟ್ಟಿದ್ದೆವು. ಹಬ್ಬದ ದಿನದ ರೇಟಿಗೆ ಬೈದುಕೊಂಡೇ ತಂದ ಸೇವಂತಿಗೆ ಹಾರ ಮೂತಿಯ ಮೇಲಿತ್ತು. ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು. ಇನ್ನೇನು ಅವನ್ನು ಅಪ್ಪಚ್ಚಿ ಮಾಡಬೇಕು ಅಂತ ಗೇರು ಹಾಕಿದೆ ನೋಡಿ, ಪೀಂ ಅಂತ ಶುರುವಾಯಿತು. ನಿಲ್ಲಲೇ ಇಲ್ಲ. ಪರದೆಯ ಮೇಲೆ ಕೆಂಪು ಪಟ್ಟಿ. ಮುಂದೆ ಏನೋ ಅಡ್ಡ ಇದೆಯಂತೆ. ಅದರ ಕೆಳಗೆ ಇನ್ನೊಂದು ಸಾಲು: ಮುಂದಿನ ರೇಡಾರ್ ಮುಚ್ಚಿಹೋಗಿದೆ. ಮುಚ್ಚಿದವಳು ನನ್ನ ಹೆಂಡತಿ, ಭಕ್ತಿಯಿಂದ.

"ಅದು ಸೆನ್ಸರ್ ಮಾವ, ಮೆನುನಲ್ಲಿ ಆಫ್ ಮಾಡ್ಬಹುದು" ಎಂದು ಅಕ್ಕನ ಮಗ ಮೆನುವಿನೊಳಗೆ ಇಳಿದ. ಹತ್ತು ನಿಮಿಷವಾದರೂ ಮೇಲೆ ಬರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವರು ಗೇಟಿನ ಹತ್ತಿರ ಬಂದು, "ಹಾರ ತೆಗೆದುಬಿಡಿ ಸಾರ್" ಎಂದರು. ಪೂಜೆ ಮಾಡಿಸಿಕೊಳ್ಳಲು ಒಪ್ಪದ ಗಾಡಿಗೆ ಪೂಜೆ ಯಾಕೆ ಮಾಡಬೇಕು? ಸಿಟ್ಟು ಬಂತು. ತೆಗೆದೆ.

ಅಲ್ಲ, ಈ ಹಬ್ಬ ಇರುವುದು ಆಯುಧಕ್ಕೆ ತಾನೇ? ನಮ್ಮ ಮನೆಯಲ್ಲಿ ಆಯುಧ ಅಂತ ಉಳಿದಿರುವುದು ಅಪ್ಪನ ಸ್ಪ್ಯಾನರ್ ಪೆಟ್ಟಿಗೆ ಒಂದೇ. ವರ್ಷಕ್ಕೊಮ್ಮೆ ಅಟ್ಟದಿಂದ ಇಳಿದು, ಕುಂಕುಮ ಹಚ್ಚಿಸಿಕೊಂಡು, ಚರ್ಪು ತಿನ್ನುವವರನ್ನು ನೋಡಿ ಮತ್ತೆ ಅಟ್ಟ ಸೇರುತ್ತದೆ. ಒಳಗಿನ ಸ್ಪ್ಯಾನರುಗಳ ಅಳತೆ 6-7, 8-9, 10-11, ಆಮೇಲೆ ಸೀದಾ 14-15. ನಡುವೆ 12-13 ಇಲ್ಲ. ಅದನ್ನು ಚಿಕ್ಕಪ್ಪ ಹೊಡೆದುಕೊಂಡು ಹೋದ ಎಂಬುದು ಅಪ್ಪ ಕೊನೆಯವರೆಗೂ ಬಿಡದ ಆರೋಪ. ನಾನು ಮುಟ್ಟೇ ಇಲ್ಲ ಎಂಬುದು ಚಿಕ್ಕಪ್ಪನ ವಾದ.

ಅಪ್ಪನ ಕಾರು ಫಿಯೆಟ್. ಆರ್‌ಸಿ ಬುಕ್ಕಿನಲ್ಲಿ ಪ್ರೀಮಿಯರ್ ಪದ್ಮಿನಿ ಅಂತಿದ್ದರೂ ಮೂಡಿಗೆರೆಯಲ್ಲಿ ಯಾರೂ ಹಾಗೆ ಕರೆದಿದ್ದು ಕೇಳಿಲ್ಲ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು, ಚಳಿಗಾಲದ ಬೆಳಿಗ್ಗೆ ಎಳೆಯಲು ಒಂದು ಚೋಕು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಭಾನುವಾರ ಬಂತೆಂದರೆ ಅಪ್ಪನ ತಲೆ ಬಾನೆಟ್ಟಿನ ಒಳಗೆ, ಉಳಿದದ್ದು ಹೊರಗೆ. ಪ್ಲಗ್ಗು ಬಿಚ್ಚಿ ಎಮರಿ ಪೇಪರಿನಲ್ಲಿ ಉಜ್ಜುವುದು, ಕಾರ್ಬೊರೇಟರಿನ ಜೆಟ್ಟನ್ನು ಬಾಯಿಂದ ಊದುವುದು, ಪಾಯಿಂಟ್ ಸೆಟ್ ಮಾಡುವುದು. ಪಾಯಿಂಟಿನ ಸಂದು ಅಳೆಯಲು ಫೀಲರ್ ಗೇಜ್ ಇರಲಿಲ್ಲ, 15 ಪೈಸೆಯ ಪೋಸ್ಟ್‌ಕಾರ್ಡ್ ಇತ್ತು. ಆಮೇಲೆ ಅದೇ ಕಾರ್ಡಿನಲ್ಲಿ ಬೆಂಗಳೂರಿನ ಅತ್ತೆಗೆ ಕಾಗದ. ಕ್ಷೇಮ ಸಮಾಚಾರಕ್ಕಿಂತ ಮಸಿಯೇ ಜಾಸ್ತಿ ಇರುತ್ತಿತ್ತಂತೆ.

ಈ ಕಾರಿನ ವಿಷಯ ಬಂದರೆ ಚಾರ್ಮಾಡಿಯ ಕತೆ ಹೇಳದೆ ನನ್ನಿಂದ ಆಗುವುದಿಲ್ಲ. ಹೆಂಡತಿ ಈಗಾಗಲೇ ಎದ್ದು ಅಡುಗೆಮನೆಗೆ ಹೋಗಿದ್ದಾಳೆ. ನೀವು ಕೂತಿರಿ.

1984ರ ಬೇಸಿಗೆ. ಧರ್ಮಸ್ಥಳಕ್ಕೆ ಹೋಗಿ ವಾಪಸ್ಸು ಬರುತ್ತಿದ್ದೆವು. ಮುಂದೆ ಅಪ್ಪ, ಚಿಕ್ಕಪ್ಪ. ಹಿಂದೆ ಅಜ್ಜಿ, ಅಮ್ಮ, ಅಕ್ಕ, ನಾನು ಮತ್ತು ಉಜಿರೆಯಲ್ಲಿ ಕೊಂಡ ಒಂದು ಹಲಸಿನಹಣ್ಣು. ಘಟ್ಟದಲ್ಲಿ ಅಣ್ಣಪ್ಪ ಸ್ವಾಮಿ ಗುಡಿ ಇದೆಯಲ್ಲ, ಹತ್ತುವವರೂ ಇಳಿಯುವವರೂ ನಿಲ್ಲಿಸಿ ಕಾಣಿಕೆ ಹಾಕುತ್ತಾರೆ. ಅವತ್ತು ಅಪ್ಪ ನಿಲ್ಲಿಸಲಿಲ್ಲ. ಏರಿನಲ್ಲಿ ನಿಲ್ಲಿಸಿದರೆ ಮತ್ತೆ ಎತ್ತುವುದು ಕಷ್ಟ ಅಂತ. "ನಿಲ್ಸೋ" ಎಂದಳು ಅಜ್ಜಿ. "ಇಳಿಯೋವಾಗ ಹಾಕಿದೀವಲ್ಲಮ್ಮ" ಎಂದರು ಅಪ್ಪ. ಮೂರು ತಿರುವು ದಾಟಿರಬೇಕು. ಕಾರು ಎರಡು ಸಲ ಮಿಸ್ಸಿಂಗ್ ಹೊಡೆದು, ಒಂದು ಸಲ ಕೆಮ್ಮಿ, ನಿಂತಿತು.

ಯಾಕೆ ನಿಂತಿತು ಎಂಬುದಕ್ಕೆ ಅಲ್ಲಿಯೇ ಎರಡು ಅಭಿಪ್ರಾಯ ಬಂದವು. ಅಜ್ಜಿಯದು ನೀವು ಊಹಿಸಬಹುದು. ಅಪ್ಪನ ಪ್ರಕಾರ ಏರ್ ಲಾಕ್. ಆ ಕಾರಿನ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಮೊದಲನೇ ಗೇರಿನಲ್ಲಿ ಘಟ್ಟ ಹತ್ತಿದರೆ ಎಂಜಿನ್ನಿನ ಕಾವಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗುತ್ತದೆ. ಪಂಪಿಗೆ ಆವಿ ತಳ್ಳಲು ಬರುವುದಿಲ್ಲ. ಮದ್ದು ಒಂದೇ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯುವುದು. ಆದರೆ ಒದ್ದೆ ಬಟ್ಟೆ? ನೀರಿನ ಕೂಜ ಉಜಿರೆಯಲ್ಲೇ ಖಾಲಿಯಾಗಿತ್ತು. ಇಡೀ ಕಾರಿನಲ್ಲಿ ಒದ್ದೆಯಾಗಿದ್ದದ್ದು ಒಂದೇ ಒಂದು, ಬೆಳಿಗ್ಗೆ ನೇತ್ರಾವತಿಯಲ್ಲಿ ಮುಳುಗಿ ಅಜ್ಜಿ ಹಿಂಡಿಟ್ಟುಕೊಂಡಿದ್ದ ಮಡಿ ಸೀರೆ.

ಅಪ್ಪ ಕೇಳಲಿಲ್ಲ. ಕೇಳಿದ್ದರೆ ಸಿಗುತ್ತಲೂ ಇರಲಿಲ್ಲ. ಬುಟ್ಟಿಯಿಂದ ಎಳೆದು, ಬಾನೆಟ್ ಎತ್ತಿ, ಪಂಪಿಗೆ ಸುತ್ತಿಯೇಬಿಟ್ಟರು. ಚುಸ್ ಅಂತ ಹೊಗೆಯಾಡಿತು. ಅಜ್ಜಿ ಒಂದು ಮಾತೂ ಆಡದೆ ರಸ್ತೆ ಪಕ್ಕದ ಕಟ್ಟೆಯ ಮೇಲೆ ಕೂತಳು. ಅದು ಬೈಗುಳಕ್ಕಿಂತ ಜೋರಾಗಿತ್ತು. ಕೊನೆಗೆ ಚಿಕ್ಕಪ್ಪನನ್ನು ಕರೆದು, ಸೆರಗಿನ ಗಂಟು ಬಿಚ್ಚಿ ನಾಲ್ಕಾಣೆ ಕೊಟ್ಟು, "ಹೋಗಿ ಹಾಕಿ ಬಾ" ಎಂದಳು. ಚಿಕ್ಕಪ್ಪ ಲುಂಗಿ ಎತ್ತಿ ಕಟ್ಟಿ ಇಳಿದು ಹೋದರು. ನಾವು ಹಲಸಿನಹಣ್ಣು ಬಿಡಿಸಲು ಕೂತೆವು. ಎಣ್ಣೆ ಇಲ್ಲದೆ ಹಲಸು ಬಿಡಿಸುವುದು ಎಂಥ ಅವಸ್ಥೆ ಅಂತ ಬಲ್ಲವರೇ ಬಲ್ಲರು. ಅಪ್ಪ ಎಂಜಿನ್ನಿನ ಡಿಪ್ ಸ್ಟಿಕ್ ಎಳೆದು, ಅದರ ತುದಿಯ ಎಣ್ಣೆ ಕೈಗೆ ಸವರಿಕೊಳ್ಳಿ ಎಂದರು. ಅಮ್ಮ ನೋಡಿದ ನೋಟಕ್ಕೆ ವಾಪಸ್ಸು ಇಟ್ಟರು.

ಮುಕ್ಕಾಲು ಗಂಟೆ ಬಿಟ್ಟು ಚಿಕ್ಕಪ್ಪ ಬೆವರಿಳಿಸುತ್ತ ಬಂದರು. ಅಪ್ಪ ಸೆಲ್ಫ್ ಹೊಡೆದರು. ಹೊಡೆದ ಏಟಿಗೇ ಕಾರು ಸ್ಟಾರ್ಟ್.

"ನೋಡಿದ್ಯಾ?" ಎಂದಳು ಅಜ್ಜಿ. "ನೋಡಿದ್ಯಾ?" ಎಂದರು ಅಪ್ಪ. ಇಬ್ಬರೂ ಒಟ್ಟಿಗೆ. ಆ ವಾದ ಕೊಟ್ಟಿಗೆಹಾರದ ನೀರು ದೋಸೆಯವರೆಗೂ ನಡೆಯಿತು, ಅಜ್ಜಿಯ ವೈಕುಂಠ ಸಮಾರಾಧನೆಯಲ್ಲೂ ನಡೆಯಿತು. ಸೀರೆಯ ಪೆಟ್ರೋಲ್ ವಾಸನೆ ಹೋಗಲೇ ಇಲ್ಲ. ಅದನ್ನು ಹರಿದು ಕಾರು ಒರೆಸುವ ಬಟ್ಟೆ ಮಾಡಿದರು.

ಎಲ್ಲಿದ್ದೆ? ಹಾಂ, ರೇಡಾರು. ಹಾರ ತೆಗೆದರೂ ಆ ಸಾಲು ಹೋಗಲಿಲ್ಲ. ಹಬ್ಬ ಕಳೆದ ಮೇಲೆ ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿ ಯಾರ ಉಗುರಲ್ಲೂ ಗ್ರೀಸ್ ಇಲ್ಲ. ಇಸ್ತ್ರಿ ಮಾಡಿದ ಬಿಳಿ ಶರಟಿನ ಹುಡುಗ ಸ್ಟೀರಿಂಗ್ ಕೆಳಗಿನ ಕನೆಕ್ಟರಿಗೆ ವಯರು ಚುಚ್ಚಿ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತ. ಬಾನೆಟ್ ಎತ್ತಲೇ ಇಲ್ಲ. ನಾನೇ ಎತ್ತಿದೆ. ಒಳಗೆ ಒಂದು ದೊಡ್ಡ ಕಪ್ಪು ಪ್ಲಾಸ್ಟಿಕ್ ಮುಚ್ಚಳ, ಪಕ್ಕದಲ್ಲಿ ವೈಪರಿನ ನೀರು ಹಾಕುವ ನೀಲಿ ಬಿರಡೆ. ನನ್ನ ಪಾಲಿಗೆ ಬಿಟ್ಟಿದ್ದು ಆ ಬಿರಡೆ.

"ಗಾಡಿಗೆ ಏನೂ ಆಗಿಲ್ಲ ಸಾರ್. ಸೆನ್ಸರ್ ಮೇಲೆ ಕುಂಕುಮ ಇತ್ತು, ಒರೆಸಿದೀನಿ."

ಬಿಲ್ಲು ಮಾತ್ರ ಕುಂಕುಮದ್ದಲ್ಲ, ಸ್ಕ್ಯಾನಿಂಗಿನದು. ಏನೂ ಆಗಿಲ್ಲ ಅಂತ ಹೇಳಿಸಿಕೊಳ್ಳುವುದಕ್ಕೂ 18 ಪರ್ಸೆಂಟ್ ಜಿಎಸ್‌ಟಿ. ಒರೆಸಿದ್ದು ಬಟ್ಟೆಯಿಂದ ತಾನೇ, ಬಟ್ಟೆ ನಮ್ಮ ಮನೆಯಲ್ಲೂ ಇತ್ತು ಎಂದೆ. ಹುಡುಗ ನಕ್ಕು ಟ್ಯಾಬ್ ಮುಂದೆ ಹಿಡಿದ, ಐದು ಸ್ಟಾರ್ ಕೊಡಿ ಸಾರ್ ಅಂತ. ಕೊಡಲಿಲ್ಲ. ನಾಲ್ಕು ಕೊಟ್ಟೆ. ಇವತ್ತಿಗೂ ಅದಕ್ಕೆ ಬೇಜಾರಿದೆ, ಮೂರು ಕೊಡಬೇಕಿತ್ತು.

ನ್ಯಾಯ ಹೇಳಬೇಕೆಂದರೆ ಈ ಕಾರು ಒಮ್ಮೆಯೂ ದಾರಿಯಲ್ಲಿ ನಿಂತಿಲ್ಲ. ಇದರ ಪೆಟ್ರೋಲ್ ಪಂಪು ಟ್ಯಾಂಕಿನೊಳಗೇ ಮುಳುಗಿ ಕೂತಿರುತ್ತದೆ, ಒತ್ತಡದಲ್ಲಿ ತಳ್ಳುತ್ತದೆ, ಏರ್ ಲಾಕ್ ಎಂಬ ಮಾತೇ ಇಲ್ಲ. 2020ರ ಏಪ್ರಿಲ್‌ನಿಂದ ಹೊಸ ಗಾಡಿಗಳ ಹೊಗೆಗೆ ಬಿಎಸ್-6 ಎಂಬ ಬಿಗಿ ಮಿತಿ ಬಂದಿದೆ. ಅಪ್ಪ ಊದುತ್ತಿದ್ದ ಜೆಟ್ಟಿನಿಂದ ಆ ಲೆಕ್ಕ ಹೊಂದಿಸಲು ಆಗುವುದಿಲ್ಲ. ಫಿಯೆಟ್ಟಿನ ಹಿಂದೆ ನಿಂತು ಉಸಿರಾಡಿದವನು ನಾನು, ಗೊತ್ತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಾಗ ಅಕ್ಕನ ಮಗ ಅಳುವ ಮುಖದ ಜೊತೆ ಸುದ್ದಿ ಕಳಿಸಿದ. ಅವನು ಅದನ್ನು ತಳ್ಳಿದವನಲ್ಲ. ಅವನ ಅಮ್ಮ ತಳ್ಳಿದ್ದಾಳೆ, ಅವಳು ಅಳಲಿಲ್ಲ.

ನವಮಿಯ ರಾತ್ರಿ ಹಬ್ಬದ ಮಾತಿಗೆ ಚಿಕ್ಕಪ್ಪ ಫೋನ್ ಮಾಡಿದ್ದರು. ಬಾಳೆಕಂದಿನ ಕತೆ ಕೇಳಿ ಕೆಮ್ಮು ಬರುವಷ್ಟು ನಕ್ಕರು. ಸಮಯ ನೋಡಿ ಕೇಳಿಯೇಬಿಟ್ಟೆ.

"ಅವತ್ತು ನಾಲ್ಕಾಣೆ ಹಾಕಿದ್ರಾ ಚಿಕ್ಕಪ್ಪ?"

ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಅದಿರ್ಲಿ ಕಣೋ, ಆ 12-13 ಸ್ಪ್ಯಾನರ್ರು ನನ್ ಹತ್ರಾನೇ ಇದೆ. ನಿಮ್ಮಪ್ಪಂಗೆ ಹೇಳೋಕೆ ಆಗ್ಲಿಲ್ಲ. ಕೊರಿಯರ್ ಮಾಡ್ಲಾ?"

"ಬೇಡ, ನನ್ನ ಗಾಡಿಗೆ ಎಲ್ಲಿ ಹಾಕ್ಲಿ ಅದನ್ನ? ಮುಂದಿನ ವರ್ಷ ಪೂಜೆಗೆ ನೀವೇ ತಗೊಂಡು ಬನ್ನಿ" ಎಂದೆ.