ಸತ್ಯಾಂಶ: ನಿದ್ದೆಯಲ್ಲಿ ಆಡಿಯೊ ಕೇಳಿದರೆ ಇಟಾಲಿಯನ್ ಬರುತ್ತದೆಯೇ?

‘ಮಲಗುವಾಗ ಇಟಾಲಿಯನ್ ಆಡಿಯೊ ಹಾಕಿಡಿ, 30 ದಿನದಲ್ಲಿ ಸರಾಗವಾಗಿ ಮಾತಾಡುತ್ತೀರಿ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ನಿಜವಲ್ಲ. 1950ರ ದಶಕದಲ್ಲೇ ಇಇಜಿಯಿಂದ (ಮೆದುಳಿನ ವಿದ್ಯುತ್ ಚಟುವಟಿಕೆ ಅಳೆಯುವ ಪರೀಕ್ಷೆ) ನಿದ್ದೆಯನ್ನು ಖಚಿತಪಡಿಸಿಕೊಂಡು ನಡೆಸಿದ ಪ್ರಯೋಗಗಳಲ್ಲಿ, ಗಾಢ ನಿದ್ದೆಯಲ್ಲಿ ಕೇಳಿಸಿದ್ದು ಎದ್ದ ಮೇಲೆ ನೆನಪಿರಲಿಲ್ಲ. ಎಚ್ಚರವಿದ್ದಾಗ ಕಲಿತದ್ದು ಗಟ್ಟಿಯಾಗಲು ನಿದ್ದೆ ನೆರವಾಗುತ್ತದೆ. ಇಂಗ್ಲಿಷ್ ಭಾಷಿಕರಿಗೆ ಇಟಾಲಿಯನ್ ಕಲಿಸಲು ರಾಜತಾಂತ್ರಿಕರಿಗೆ ತರಬೇತಿ ಕೊಡುವ ಅಮೆರಿಕದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಹಾಕುವ ಲೆಕ್ಕ 550ಕ್ಕೂ ಹೆಚ್ಚು ತರಗತಿ ಗಂಟೆ.

ಆಡಿಯೊವನ್ನು ಹಗಲಿಗೆ ತನ್ನಿ. ಪಾತ್ರೆ ತೊಳೆಯುವಾಗ ಒಂದೇ ನಿಮಿಷದ ತುಣುಕನ್ನು ನಾಲ್ಕೈದು ಸಲ ಕೇಳಿ, ಪ್ರತಿ ವಾಕ್ಯವನ್ನೂ ಬಾಯಿಬಿಟ್ಟು ಹೇಳಿ.

ಮನೆಯ ವಸ್ತುಗಳಿಗೆ ಚೀಟಿ ಅಂಟಿಸುವುದು ಒಳ್ಳೆಯ ರೂಢಿಯೇ, ಆದರೆ ಬರೀ ಹೆಸರು ಸಾಲದು. ‘ಲಾ ಪೋರ್ತಾ’ (ಬಾಗಿಲು), ‘ಇಲ್ ತಾವೊಲೊ’ (ಮೇಜು) ಎಂದು ಹೆಸರಿನ ಮೊದಲು ಬಂದು ಲಿಂಗ ತೋರಿಸುವ ‘ಲಾ’ (ಸ್ತ್ರೀಲಿಂಗ), ‘ಇಲ್’ (ಪುಲ್ಲಿಂಗ) ಸಮೇತ ಬರೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. ‘ಒ’ಕಾರದಿಂದ ಮುಗಿದದ್ದೆಲ್ಲ ಪುಲ್ಲಿಂಗವೆಂದು ನಂಬಿ ‘ಇಲ್ ಮಾನೊ’ ಅನ್ನುತ್ತಾರೆ. ಕೈಗೆ ಸರಿಯಾದದ್ದು ‘ಲಾ ಮಾನೊ’. ಲಿಂಗ ತಪ್ಪಿದರೆ ಜೊತೆಗೆ ಬರುವ ಗುಣವಾಚಕವೂ ತಪ್ಪುತ್ತದೆ.

ಮಲಗುವ ಮುನ್ನ ಆ ದಿನ ಮಾಡಿದ ಮೂರು ಕೆಲಸ ಹೇಳಿಕೊಳ್ಳಿ: ‘ಓ ಮಾಂಜಾತೊ’ (ಉಂಡೆ), ‘ಸೋನೊ ಆಂದಾತೊ’ (ಹೋದೆ), ಹೇಳುವವರು ಹೆಂಗಸಾದರೆ ‘ಸೋನೊ ಆಂದಾತಾ’. ಆಮೇಲೆ ಆಡಿಯೊ ನಿಲ್ಲಿಸಿಯೇ ಮಲಗಿ. ರಾತ್ರಿಯಿಡೀ ಅದು ಓಡುತ್ತಿದ್ದರೆ ನಿದ್ದೆ ಕೆಡಬಹುದು.