ವಾರಕ್ಕೆ ಎರಡು ಬಾಟಲಿ, ಲಿವರ್ ಒಂದೇ

2025ರ ಮಾರ್ಚ್‌ನಲ್ಲಿ ನಮ್ಮ ವಿಧಾನಸಭೆಯಲ್ಲಿ ಒಂದು ಬೇಡಿಕೆ ಬಂತು. ಹೆಂಗಸರಿಗೆ ತಿಂಗಳಿಗೆ 2000 ರೂಪಾಯಿ, ಫ್ರೀ ಬಸ್ಸು ಕೊಡ್ತೀರಿ, ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಎಣ್ಣೆ ಫ್ರೀ ಕೊಡಿ ಅಂತ ತುರುವೇಕೆರೆ ಶಾಸಕ ಎಂ.ಟಿ. ಕೃಷ್ಣಪ್ಪ ಕೇಳಿದರು. ನೀವೇ ಗೆದ್ದು ಸರ್ಕಾರ ಮಾಡಿ ಕೊಡಿ, ನಾವು ಕುಡಿತ ಕಡಿಮೆ ಮಾಡಿಸೋಕೆ ನೋಡ್ತಿದ್ದೀವಿ ಎಂದರು ಸಚಿವ ಕೆ.ಜೆ. ಜಾರ್ಜ್. ಅದೇ ತಿಂಗಳ ಬಜೆಟ್‌ನಲ್ಲಿ ಅಬಕಾರಿ ಗುರಿ ಎಷ್ಟು ಗೊತ್ತಾ? 40,000 ಕೋಟಿ. ಹಿಂದಿನ ವರ್ಷ 38,525 ಕೋಟಿ ಇತ್ತು. ಕಡಿಮೆ ಮಾಡಿಸೋದು ಅಂದ್ರೆ ಹೀಗೇ ಇರಬೇಕು.

ಈ ಗುರಿ ಮುಟ್ಟಿಸುವ ಕೆಲಸ ಇಲಾಖೆಯದ್ದಲ್ಲ, ಲಿವರಿನದ್ದು. ಪಾಪ, ಅದಕ್ಕೆ ಬೇರೆ ಡ್ಯೂಟಿಯೇ ಇದೆ. ಕೊಲೆಸ್ಟ್ರಾಲ್‌ನಿಂದ ಪಿತ್ತಾಮ್ಲ ಮಾಡಿ ಕರುಳಿಗೆ ಕಳಿಸಬೇಕು. ನೀವು ತಿಂದ ಬೋಂಡದ ಜಿಡ್ಡು ಕರಗೋದು ಅದರಿಂದಲೇ. ಕೆಲಸ ಮುಗಿದ ಮೇಲೆ ಅದನ್ನು ಸುಮ್ನೆ ಎಸೆಯೋದಿಲ್ಲ. ಶೇಕಡ 95ರಷ್ಟನ್ನು ಸಣ್ಣ ಕರುಳು ಹೀರಿಕೊಂಡು ರಕ್ತದಲ್ಲಿ ವಾಪಸ್ ಕಳಿಸುತ್ತೆ. ಸಿಟಿ ಬಸ್ಸಿನ ಹಾಗೆ ದಿನಕ್ಕೆ ಹಲವು ಟ್ರಿಪ್. ಜೊತೆಗೆ ಎಫ್‌ಜಿಎಫ್19 ಎಂಬ ಹಾರ್ಮೋನ್ ಕೈಲಿ ಒಂದು ಚೀಟಿ: ‘ಸ್ಟಾಕ್ ಸಾಕು, ಹೊಸದು ಮಾಡಬೇಡ.’ ಲಿವರ್ ಮರುಮಾತಾಡದೆ ಕೈ ಬಿಗಿ ಹಿಡಿಯುತ್ತೆ.

ವರ್ಷಗಟ್ಟಲೆ ಕುಡಿದರೆ ಕರುಳಿನ ಬ್ಯಾಕ್ಟೀರಿಯಾ ಲೆಕ್ಕ ತಪ್ಪುತ್ತೆ, ಚೀಟಿಗೆ ಕಿಮ್ಮತ್ತು ಹೋಗುತ್ತೆ. ಜಿಡ್ಡು ಕರಗಿಸುವ ರಸ ತಾನೇ, ಜಾಸ್ತಿಯಾದರೆ ಲಿವರಿನ ಜೀವಕೋಶವನ್ನೇ ಕಡಿಯುತ್ತೆ. ಲಿವರ್ ಊದಿ ದಾರಿ ಕಟ್ಟಿದರೆ ರಕ್ತಕ್ಕೇ ನುಗ್ಗುತ್ತೆ. ವೈನ್ ಶಾಪ್ ಶಟರ್ ಎದ್ದ ಕೂಡಲೇ ನುಗ್ಗುವವರನ್ನು ನೋಡಿದ್ದೀರಲ್ವಾ? ಕಣ್ಣು ಅರಿಶಿನ. ಒಂದು ಕೈ ಇನ್ನೊಂದು ಕೈಯನ್ನು ಪರಪರ ಕೆರೆಯುತ್ತಿರುತ್ತೆ. 90 ಎಂಎಲ್ ಪ್ಯಾಕೆಟ್ಟಿನ ಮೂಲೆ ಹಲ್ಲಲ್ಲಿರುತ್ತೆ. ಅದರ ಮೇಲೆಯೇ ‘ಮದ್ಯಪಾನ ಆರೋಗ್ಯಕ್ಕೆ ಹಾನಿಕರ’ ಅಂತ ಸರ್ಕಾರ ಬರೆಸಿರುತ್ತೆ. ಓದೋದಕ್ಕೆ ಪುರುಸೊತ್ತೆಲ್ಲಿ?

ಸರ್ಕಾರಕ್ಕೂ ಚೀಟಿ ಬಂದಿಲ್ಲ ಅಂತಲ್ಲ. ಮದ್ಯ ನಿಷೇಧಕ್ಕೆ ಪ್ರಯತ್ನ ಮಾಡಿ ಅಂತ ಸಂವಿಧಾನದ 47ನೇ ವಿಧಿಯೇ ಹೇಳುತ್ತೆ. ಅದಕ್ಕೇ ಒಂದು ಕೈಲಿ ಮದ್ಯಪಾನ ಸಂಯಮ ಮಂಡಳಿ ಇಟ್ಟುಕೊಂಡಿದೆ. ಇನ್ನೊಂದು ಕೈಲಿ ಮದ್ಯ ಮಾರುವ ಪಾನೀಯ ನಿಗಮ. ಯಾವ ಕೈಗೆ ಬಲ ಜಾಸ್ತಿ ಅಂತ ಬಜೆಟ್ ಪುಸ್ತಕ ತೆಗೆದರೆ ಗೊತ್ತಾಗುತ್ತೆ.

ಊರಲ್ಲಿ ಯಾರೋ ಒಬ್ಬ ಕುಡಿಯೋದು ಬಿಟ್ಟ ಅಂದುಕೊಳ್ಳಿ. ಹೆಂಡತಿ ದೇವರಿಗೆ ಕಾಯಿ ಒಡೆಸ್ತಾಳೆ. ಅಬಕಾರಿ ಇನ್ಸ್‌ಪೆಕ್ಟರು ಮಾತ್ರ ಈ ತಿಂಗಳು ಸೇಲು ಯಾಕೆ ಇಳಿಯಿತು ಅಂತ ಮೇಲಿನವರಿಗೆ ವಿವರಣೆ ಬರೆಯುತ್ತಾ ಕೂರಬೇಕು.