ಫಿಲ್ಟರ್ ಕಾಫಿಗೆ ಅಮೆರಿಕದ ಹುರಿತ ಒಗ್ಗದು

ಮನೆಯಲ್ಲೇ ಕಾಫಿ ಹುರಿಯುತ್ತೇನೆ ಅಂದರೆ ಇಲ್ಲಿ ಅಮೆರಿಕದಲ್ಲಿ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ: ಬಿಸಿಗಾಳಿಯ ಪಾಪ್‌ಕಾರ್ನ್ ಯಂತ್ರ ಕೊಳ್ಳಿ, ಬಿಸಿಗೆ ಬೀಜ ಚಟಪಟ ಅನ್ನುವ ಮೊದಲ ಸುತ್ತು, ಅಂದರೆ ಮೊದಲ ಸಿಡಿತ, ಮುಗಿಯುತ್ತಿದ್ದಂತೆ ನಿಲ್ಲಿಸಿ. ಹಾಲಿಲ್ಲದೆ ಕುಡಿಯುವವರಿಗೆ ಅದೇ ಸರಿ. ಹುಳಿ, ಹಣ್ಣಿನ ಪರಿಮಳ ಅವರಿಗೆ ಬೇಕು. ಅದೇ ಬೀಜದ ಡಿಕಾಕ್ಷನ್‌ಗೆ ನಾವು ಗಟ್ಟಿ ಹಾಲು ಬೆರೆಸಿದರೆ ಕಾಫಿ ಹುಳಿ ಹೊಡೆಯುತ್ತದೆ, ರುಚಿಯೇ ನಿಲ್ಲುವುದಿಲ್ಲ.

ಸಿಡಿತದ ಸದ್ದು ಗುರುತಿಸಲು ಕಲಿಯುವುದಕ್ಕೆ ಯಂತ್ರ ಒಳ್ಳೆಯದು, ಇಲ್ಲ ಅನ್ನುವುದಿಲ್ಲ. ಗಾಳಿ ಪಕ್ಕದ ಸೀಳುಗಳಿಂದ ಬರುವಂಥದ್ದನ್ನೇ ಆರಿಸಿ. ತಳದಲ್ಲಿ ಜಾಲರಿ ಇರುವುದರಲ್ಲಿ ಬೀಜ ಬಿಡುವ ತೆಳು ಸಿಪ್ಪೆ, ಹೊಟ್ಟು, ಕೆಳಗೆ ಉದುರಿ ಬೆಂಕಿ ಹತ್ತಬಹುದು. ಆದರೆ ಅದು ಹಿಡಿಯುವುದು 80-100 ಗ್ರಾಂ, ಹುರಿಯುವುದು ಐದಾರು ನಿಮಿಷದಲ್ಲಿ. ಅಷ್ಟು ಅವಸರದಲ್ಲಿ ಹೊರಗೆ ಕಂದು ಬಂದರೂ ಒಳಗೆ ಹಸಿಯೇ ಉಳಿಯುವುದುಂಟು.

ನಮ್ಮ ಕಡೆ ಹಳೆಯ ಮನೆಗಳಲ್ಲಿ ಕೆಂಡದ ಮೇಲೆ ಕೈಯಲ್ಲಿ ತಿರುಗಿಸುತ್ತಿದ್ದ ಉರುಳೆಯೇ ಫಿಲ್ಟರ್ ಕಾಫಿಗೆ ಸರಿಯಾದ ದಾರಿ. ಅದಕ್ಕೆ ಹತ್ತಿರದ್ದು ಇಲ್ಲೂ ಸಿಗುತ್ತದೆ: ಒಲೆಯ ಮೇಲಿಟ್ಟು ಹಿಡಿ ತಿರುಗಿಸುವ ಪಾಪ್‌ಕಾರ್ನ್ ಪಾತ್ರೆ. ದಪ್ಪ ಕಬ್ಬಿಣದ ಬಾಣಲೆಯೂ ಆದೀತು, ಕೈ ಮಾತ್ರ ಒಂದು ಕ್ಷಣ ನಿಲ್ಲಬಾರದು.

200 ಗ್ರಾಂ ಹಸಿ ಅರೇಬಿಕಾ ಬೀಜ ತಗೊಳ್ಳಿ: ಪ್ಲಾಂಟೇಶನ್ ಎ (ದಪ್ಪ ಬೀಜದ ದರ್ಜೆ) ಅಥವಾ ಪೀಬೆರಿ (ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ಬೀಜ). ಪೀಬೆರಿ ದುಂಡಗಿರುವುದರಿಂದ ಚೆನ್ನಾಗಿ ಉರುಳಿ ಬಣ್ಣ ಸಮವಾಗಿ ಬರುತ್ತದೆ. ಹೊಸಬರಿಗೆ ಅದೇ ಸಲೀಸು. ಮಧ್ಯಮ ಉರಿಯಲ್ಲಿ ಸುಮಾರು ಐದು ನಿಮಿಷಕ್ಕೆ ಬೀಜ ಹಳದಿಯಾಗಿ, ಹುಲ್ಲಿನ ವಾಸನೆ ಹೋಗಿ ಬ್ರೆಡ್ಡಿನ ಘಮ ಬರುತ್ತದೆ. ಒಂಬತ್ತು-ಹನ್ನೊಂದು ನಿಮಿಷಕ್ಕೆ ಮೊದಲ ಸಿಡಿತ, ಜೋರು ಚಟಪಟ. ಆಗ ಉರಿ ತಗ್ಗಿಸಿ. ಮೂರು-ನಾಲ್ಕು ನಿಮಿಷದ ನಂತರ ಎರಡನೆಯದು ಸಣ್ಣಗೆ, ಬೇಗಬೇಗ ಶುರುವಾಗುತ್ತದೆ. ಮೊದಲ ನಾಲ್ಕೈದು ಸದ್ದಿಗೇ ಇಳಿಸಿ. ಬೀಜದ ಮೈಯೆಲ್ಲ ಎಣ್ಣೆ ಹೊಳೆಯುವವರೆಗೆ ಕಾದರೆ ಕಹಿ ಮಾತ್ರ ಉಳಿಯುತ್ತದೆ.

ಇಳಿಸಿದ ಮೇಲೂ ಒಳಗಿನ ಬಿಸಿಗೆ ಹುರಿತ ಮುಂದುವರಿಯುತ್ತದೆ. ತಕ್ಷಣ ಸ್ಟೀಲ್ ಜರಡಿಗೆ ಸುರಿದು ಫ್ಯಾನಿನ ಮುಂದೆ ಆಡಿಸಿ, ನಾಲ್ಕು ನಿಮಿಷದೊಳಗೆ ಕೈಗೆ ತಣ್ಣಗಾಗಬೇಕು. ಹೊಟ್ಟೂ ಆಗಲೇ ಹಾರಿಹೋಗುತ್ತದೆ. ತೂಗಿ ನೋಡಿ: 166-170 ಗ್ರಾಂ ಉಳಿದರೆ ಹದ ಸರಿ. ಬಣ್ಣ ನೋಡುವ ಕಣ್ಣಿಗಿಂತ ನನಗೆ ತಕ್ಕಡಿಯ ಮೇಲೇ ನಂಬಿಕೆ ಹೆಚ್ಚು.

ಚಪ್ಪಟೆ ಬದಿಯಲ್ಲಿ ಕಪ್ಪು ಚುಕ್ಕೆ ಕಂಡರೆ ಪಾತ್ರೆ ಅತಿಯಾಗಿ ಕಾದಿತ್ತು ಎಂದರ್ಥ. ಇಪ್ಪತ್ತು ನಿಮಿಷ ದಾಟಿತೋ, ಬೀಜ ಬೆಂದು ರುಚಿ ಸಪ್ಪೆ. ರೊಬಸ್ಟಾ ಬೆರೆಸುವುದಿದ್ದರೆ ಬೇರೆಯಾಗಿ ಹುರಿದು ಆಮೇಲೆ ಸೇರಿಸಿ, ಎರಡರ ಹದದ ಹೊತ್ತು ಒಂದೇ ಅಲ್ಲ. ಮಳೆಗಾಲದ ತೇವದ ಗಾಳಿಗೆ ಒಡ್ಡಿ ಹದಗೊಳಿಸಿದ ಮಾನ್ಸೂನ್ಡ್ ಮಲಬಾರ್ ಮೊದಲ ಸಲಕ್ಕೆ ಬೇಡ: ಬೀಜ ಮೊದಲೇ ಬಿಳಿಚಿ ಉಬ್ಬಿರುತ್ತದೆ, ಸಿಡಿತವೂ ಕ್ಷೀಣ.

ಅಪಾರ್ಟ್‌ಮೆಂಟಿನವರಿಗೆ ಹೊಗೆಯೇ ದೊಡ್ಡ ತಲೆನೋವು. ಒಲೆಯ ಮೇಲಿನ ಫ್ಯಾನು ಎಷ್ಟೋ ಮನೆಗಳಲ್ಲಿ ಗಾಳಿಯನ್ನು ಹೊರಗೆ ಕಳಿಸದೆ ಸೋಸಿ ಒಳಕ್ಕೇ ಬಿಡುತ್ತದೆ. ಮೊದಲು ಅದನ್ನು ನೋಡಿಕೊಳ್ಳಿ. ಚಳಿಗಾಲದಲ್ಲಿ ಯಂತ್ರವನ್ನು ಹೊರಗಿಟ್ಟರೆ ತಣ್ಣನೆಯ ಗಾಳಿಗೆ ಶಾಖ ಏರದೆ ಹುರಿತ ನಡುವೆಯೇ ನಿಲ್ಲುತ್ತದೆ.

ಹುರಿದ ಬೀಜವನ್ನು ವಾರ ಇಡಿ ಅನ್ನುವುದು ಎಸ್ಪ್ರೆಸೊದವರ ಮಾತು. ಫಿಲ್ಟರಿಗೆ ಒಂದೆರಡು ದಿನ ಸಾಕು. ಮೊದಲ ಹನ್ನೆರಡು ಗಂಟೆ ಮುಚ್ಚಳ ಬಿಗಿಯಬೇಡಿ.